ಓಡಾಜಿಮಾ ಮನೆಯ ಮುಖ

ಕುಸಕಾಬೆ ಮೇಷ್ಟ್ರು ಎರಡನೆಯ ಸಲ ನಮ್ಮ ಮನೆಗೆ ಬಂದದ್ದು ಒಂದು ಬೊಂಬೆಯ ಮುಖ ನೋಡಲಿಕ್ಕೆ. ಯುದ್ಧಕ್ಕೆ ಮುಂಚೆ ಅವರು ಮೊದಲ ಸಲ ಬಂದಾಗ ನಮ್ಮ ಮಾವ ಜಿನ್ಸಾಕು, ಮೇಷ್ಟ್ರ ಮಗಳು ಕಯೊಗೆಂದು ಕೈಕಾಲಿಲ್ಲದ ಮರದ ಒಂದು ಕೊಕೆಶಿ ಬೊಂಬೆ ಕಡೆದು ಕೊಟ್ಟಿದ್ದರು. ಬಾಂಬು ಬಿದ್ದು ಟೋಕಿಯೊ ಸುಟ್ಟುಹೋದಾಗ ಕಯೊ ಹೋದಳು, ಅವಳ ತಾಯಿ ಹೋದರು, ಬೊಂಬೆ ಹೋಯಿತು, ಮನೆಯಲ್ಲಿದ್ದ ಭಾವಚಿತ್ರಗಳೂ ಹೋದವು. ಮೇಷ್ಟ್ರು ಆಗ ದೂರದೂರಿನಲ್ಲಿದ್ದರು, ಉಳಿದರು.

ಸ್ನಾನಕ್ಕೆ ಬರುವ ರೈತರೆಲ್ಲ ಊರಿಗೆ ಮರಳಿ, ಬಿಸಿನೀರಿನ ಛತ್ರಗಳು ಬಾಗಿಲು ಹಾಕುವ ಹೊತ್ತಿಗೆ ಅವರು ಬಂದರು. ಅತ್ತೆ ಇಸೊ ಅವರನ್ನು ಒಲೆಗುಂಡಿಯ ಬಳಿ ಕೂರಿಸಿ, ಮೂಲಂಗಿ ಉಪ್ಪಿನಕಾಯಿಯ ತಟ್ಟೆ ಮುಂದಿಟ್ಟು, ಚಹಾ ಬಗ್ಗಿಸಿದರು. ಮೇಷ್ಟ್ರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರೇ ಹೊರತು ಕುಡಿಯಲಿಲ್ಲ. ಆಮೇಲೆ ಅದನ್ನು ಕೆಳಗಿಟ್ಟು ಹೇಳಿದರು.

"ಜಿನ್ಸಾಕು ಅವರೇ, ನನಗೆ ಮಗಳ ಮುಖ ಮರೆತುಹೋಗಿದೆ. ಎಷ್ಟೋ ಊರಿನ ಎಷ್ಟೋ ಬೊಂಬೆಗಳ ಮುಖ ನೆನಪಿದೆ. ಅವಳದ್ದು ಇಲ್ಲ. ನಿಮ್ಮ ಬೊಂಬೇನ ಕೆನ್ನೆಗೆ ಒತ್ಕೊಂಡು ಮಲಗ್ತಿದ್ದಳು, ಅಷ್ಟು ಮಾತ್ರ ನೆನಪಿದೆ. ಆ ಮುಖ ಇನ್ನೊಂದು ಸಲ ಕಂಡ್ರೆ, ಪಕ್ಕದಲ್ಲಿದ್ದದ್ದೂ ಕಂಡೀತು ಅನ್ನಿಸ್ತದೆ. ಆಗಿನ ಹಾಗೇ ಒಂದು ಮಾಡಿಕೊಡಿ."

ಮಾವ ತಲೆ ಬಗ್ಗಿಸಿ ಒಪ್ಪಿಕೊಂಡರು. ಅವರಿಗೆ ಅದು ಕಷ್ಟದ ಕೆಲಸ ಎಂದು ಆಗ ಅನ್ನಿಸಲೇ ಇಲ್ಲ. ಹುಟ್ಟಿದಾಗಿನಿಂದ ಮಾಡಿದ್ದೇ ಅದು.

ಮೇಷ್ಟ್ರು ಮೊದಲ ಸಲ ಬಂದಾಗ ನಾನು ಈ ಮನೆಯ ಹೊಸ ಸೊಸೆ. ಅವರು ಉತ್ತರದ ಊರೂರು ನಡೆದು, ಮಕ್ಕಳ ಆಟಿಕೆ ಮಾಡುವವರ ಮನೆಗಳಲ್ಲಿ ತಂಗಿ, ಅವರ ಕೈಕೆಲಸ ನೋಡಿ ಚಿತ್ರ ಬರೆದುಕೊಳ್ಳುತ್ತಿದ್ದರು. ನಮ್ಮ ಒಲೆಯ ಮುಂದೆ ಗಂಟು ಬಿಚ್ಚಿದರೆ ಮನೆಯೇ ಸಂತೆಯಾಯಿತು. ಮಣ್ಣಿನ ಗಂಟೆಗಳು, ಒರಟು ಮರದ ಕುದುರೆ, ತಲೆದೂಗುವ ಕಾಗದದ ಹುಲಿ, ಬಾಲದಲ್ಲಿ ಊದಿದರೆ ಕೂಗುವ ಮಣ್ಣಿನ ಪಾರಿವಾಳ. ಹುಲಿ ಮಾಡುವವರು ಮರದ ಅಚ್ಚಿನ ಮೇಲೆ ಹಳೆಯ ಕಾಗದ ಪದರಪದರವಾಗಿ ಅಂಟಿಸಿ, ಒಣಗಿದ ಮೇಲೆ ಬೆನ್ನು ಸೀಳಿ ಅಚ್ಚನ್ನು ಹೊರತೆಗೆದು, ಗಾಯವನ್ನು ಮತ್ತೆ ಕಾಗದದಿಂದ ಮುಚ್ಚುತ್ತಾರಂತೆ. ಪಾರಿವಾಳ ಮಾಡುವ ಮುದುಕಿ ಒಂದೊಂದನ್ನೂ ತಾನೇ ಊದಿ ನೋಡಿಯೇ ಕೊಡುವುದಂತೆ. ಯಾವ ಮಗು ಊದಿದರೂ ಅದರೊಳಗೆ ಮೊದಲು ಹೋದ ಉಸಿರು ಅವಳದ್ದು. ಇಂಥವನ್ನೆಲ್ಲ ಮೇಷ್ಟ್ರು ಪುರಾಣ ಓದಿದ ಹಾಗೆ ಹೇಳುತ್ತಿದ್ದರು, ನಾನು ಬಾಗಿಲ ಮರೆಯಲ್ಲಿ ಕೂತು ಕೇಳುತ್ತಿದ್ದೆ. ಮಾವ ಹುಲಿಯ ಮೂಗಿಗೆ ಒಂದು ಸಣ್ಣ ಪೆಟ್ಟು ಕೊಟ್ಟು ಅದು ತಲೆದೂಗುವುದನ್ನು ನೋಡಿ, "ಇದು ನಮ್ಮೂರ ಮುಖಂಡನ ಹಾಗಿದೆ ಮೇಷ್ಟ್ರೇ, ಯಾರೇನಂದ್ರೂ ಹೂಂ ಅನ್ನುತ್ತೆ" ಎಂದಿದ್ದರು. ಈ ಮನೆಯಲ್ಲಿ ಆಗ ನಗು ಇತ್ತು. ನನ್ನ ಗಂಡ ಯಾಸುಜಿ ಇದ್ದರು. ನನ್ನ ಹೊಟ್ಟೆಯಲ್ಲಿ ಮಗಳು ಮಿತ್ಸು ಇದ್ದಳು.

ನಮ್ಮ ಕಸುಬಿನಲ್ಲಿ ಬೊಂಬೆಯ ಮೈಮೇಲಿನ ಹೂವು ಯಾರ ಹೂವಾದರೂ ಆಗಬಹುದು, ಮುಖ ಮಾತ್ರ ಮನೆಯದು. ತಂದೆಯಿಂದ ಹಿರಿಯ ಮಗನಿಗೆ ಬರುವ ಆಸ್ತಿ ಅದು. ಕೆಲಸ ಕಲಿತು ಹೊರಗೆ ಹೋದ ಶಿಷ್ಯ ಕೂಡ ಗುರುವಿನ ಮನೆಯ ಕಣ್ಣು ಬರೆಯುವಂತಿಲ್ಲ. ಮಾವ ಅವರ ಅಪ್ಪನಿಂದ ಕಲಿತ ಮುಖವನ್ನು ಯಾಸುಜಿಗೆ ಕಲಿಸಿದರು. ಯಾಸುಜಿ ದಕ್ಷಿಣದ ಸಮುದ್ರಕ್ಕೆ ಸೈನಿಕನಾಗಿ ಹೋದವರು ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯಾಗಿ ಬಂದರು. ಒಳಗೆ ಮೂಳೆಯ ಬದಲು ಇದ್ದದ್ದು ಒಂದು ಕಲ್ಲು. ಹಾಗಾಗಿ ನಮ್ಮ ಓಡಾಜಿಮಾ ಮನೆಯ ಮುಖ ಉಳಿದದ್ದು ಮಾವನ ಬಲಗೈಯೊಂದರಲ್ಲೇ.

ಮರುದಿನ ಮಾವ ಸ್ನಾನ ಮಾಡಿ, ಮನೆದೇವರ ಮುಂದೆ ಕೈಮುಗಿದು, ಮಿಝುಕಿ ಮರದ ಬಿಳಿಯ ತುಂಡೊಂದನ್ನು ತಿರುಗಣೆಗೆ ಸಿಕ್ಕಿಸಿದರು. ಮೈ ಕಡೆದರು, ತಲೆ ಕಡೆದರು, ಕತ್ತಿನೊಳಕ್ಕೆ ತಲೆಯನ್ನು ಒತ್ತಿ ಕೂರಿಸಿದರು. ಬೊಂಬೆಯ ತಲೆ ತಿರುಗಿಸಿದರೆ ಬರಬೇಕಾದ ಕಿರ್ರ್ ಎನ್ನುವ ಸದ್ದು ಸರಿಯಾಗಿ ಬಂತು. ಆಮೇಲೆ ಕಿಟಕಿಯ ಬಳಿ ಕೂತು ಉಸಿರು ಬಿಗಿಹಿಡಿದು ಹುಬ್ಬು, ಕಣ್ಣು, ಮೂಗು, ಬಾಯಿ ಬರೆದು, ಉಸಿರು ಬಿಟ್ಟು, ಬೊಂಬೆಯನ್ನು ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರು ಅದನ್ನು ಎತ್ತಿಕೊಂಡು ನೋಡಿದರು. ಕೆನ್ನೆಯ ಹತ್ತಿರ ತಂದರು. ಮೆತ್ತಗೆ ಕೆಳಗಿಟ್ಟು, ಬಹಳ ಚೆನ್ನಾಗಿದೆ, ಆದರೆ ಇದಲ್ಲ, ಎಂದರು.

ಮಾವ ಇನ್ನೊಂದು ಮಾಡಿದರು. ಅದೂ ಅಲ್ಲ. ಮತ್ತೊಂದು, ಅದೂ ಅಲ್ಲ. ಹಿಮ ಬೀಳಲು ಶುರುವಾಯಿತು. ಮೇಷ್ಟ್ರು ಮೇಲಿನ ಕೋಣೆಯಲ್ಲಿ ಉಳಿದುಕೊಂಡರು. ಊಟಕ್ಕೆ ಕೆಳಗಿಳಿದು ಬಂದಾಗ ನಡುವಿನ ವರ್ಷಗಳ ತಿರುಗಾಟವನ್ನು ತುಣುಕುತುಣುಕಾಗಿ ಹೇಳುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ದಾರಿಗಳಲ್ಲಿ ಮತ್ತೆ ನಡೆದಿದ್ದರು. ಹುಲಿ ಮಾಡುವವರು ತಮ್ಮ ಅಚ್ಚುಗಳನ್ನು ಸೌದೆಯಿಲ್ಲದ ಒಂದು ಚಳಿಗಾಲದಲ್ಲಿ ಒಲೆಗೆ ಹಾಕಿಬಿಟ್ಟಿದ್ದರಂತೆ. ಪಾರಿವಾಳದ ಮುದುಕಿಯ ಆವಿಗೆಯಲ್ಲಿ ಈಗ ಚರಂಡಿಯ ಕೊಳವೆ ಸುಡುತ್ತಾರಂತೆ. ಹಳೆಯ ಓಡಾಜಿಮಾ ಬೊಂಬೆಯೊಂದು ಎಲ್ಲಾದರೂ ಇದ್ದೀತೆಂದು ಹೊಲದ ನಡುವಿನ ಮನೆಮನೆಗೂ ಹೋಗಿದ್ದರು. ಎಲ್ಲಿ ನೋಡಿದರೂ ಮಕ್ಕಳು ಚೀಪಿಚೀಪಿ ಮುಖ ಅಳಿಸಿಹೋಗಿತ್ತು. ಒಂದು ಮನೆಯಲ್ಲಂತೂ ನಮ್ಮ ಬೊಂಬೆಯನ್ನು ತಲೆಕೆಳಗಾಗಿ ಹಿಡಿದು ಎಳ್ಳು ಅರೆಯುತ್ತಿದ್ದರಂತೆ. ಅದನ್ನು ಕೇಳಿ ಅತ್ತೆ, "ನೋಡಿ, ನಿಮ್ಮ ಬೊಂಬೆ ಕೊನೆಗೂ ಒಂದು ಉಪಯೋಗಕ್ಕೆ ಬಂತು" ಎಂದು ಮಾವನನ್ನು ತಿವಿದರು. ಮಾವ ನಗಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಗೋಡೆಯ ಮೇಲಿನ ತಮ್ಮದೇ ಚಿತ್ರವನ್ನು ನೋಡುತ್ತ ನಿಂತರು. ಮೊದಲ ಪ್ರಯಾಣದಲ್ಲಿ ಅವರು ಬರೆದ ನಮ್ಮ ಬೊಂಬೆಯ ಚಿತ್ರ ಅದು. ಟೋಕಿಯೊದಲ್ಲಿ ಅಚ್ಚಾದಾಗ ಒಂದು ಪ್ರತಿಯನ್ನು ನಮಗೆ ಕಳಿಸಿದ್ದರು. ನಾವು ಅದನ್ನು ಮನೆದೇವರ ಪಕ್ಕದಲ್ಲಿ ಚೌಕಟ್ಟು ಹಾಕಿ ಇಟ್ಟಿದ್ದೆವು. ಬೊಂಬೆ ಸಂಗ್ರಹಿಸುವ ಪಟ್ಟಣದ ಜನ ಅದೇ ಚಿತ್ರ ಹಿಡಿದು ನಮ್ಮೂರಿಗೆ ಬರುತ್ತಿದ್ದರು. ಹೀಗೇ ಇರಬೇಕು ಎನ್ನುತ್ತಿದ್ದರು.

ಮೇಷ್ಟ್ರು ಹೊಸ ಬೊಂಬೆಗಳನ್ನು ತಂದು ಚಿತ್ರದ ಕೆಳಗೆ ಸಾಲಾಗಿ ನಿಲ್ಲಿಸಿದರು. ಚಿತ್ರ ನೋಡಿದರು, ಬೊಂಬೆ ನೋಡಿದರು. 

"ಜಿನ್ಸಾಕು ಅವರೇ, ಇದು ನಿಮ್ಮ ಕಣ್ಣಲ್ಲ" ಎಂದರು. "ಇದು ನಾನು ಬರೆದ ಕಣ್ಣು."

ನಾನೂ ಅತ್ತೆಯೂ ನೆಲ ನೋಡಿದೆವು. ಮಾವ ಮಂಡಿಯೂರಿ ಕೂತು, ಕೈ ತೊಡೆಯ ಮೇಲಿಟ್ಟುಕೊಂಡರು.

"ಹೌದು ಮೇಷ್ಟ್ರೇ. ನಮ್ಮ ಮನೆಯ ಮುಖದಲ್ಲಿ ಎಡಗಣ್ಣು ಒಂಚೂರು ಕೆಳಗಿರ್ತಿತ್ತು. ಎದ್ದು ಕಾಣೋಷ್ಟಲ್ಲ, ಒಂದು ಎಳ್ಳಿನಷ್ಟು. ಅಪ್ಪನದ್ದೂ ಹಾಗೇ ಇತ್ತು, ಅವರಪ್ಪನದ್ದೂ ಹಾಗೇ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ನಿಮ್ಮ ಚಿತ್ರದಲ್ಲಿ ಎರಡೂ ಸಮ ಇತ್ತು."

"ನಾನು ಇದ್ದದ್ದನ್ನ ಇದ್ದ ಹಾಗೇ ಬರೆದೆ ಅಂದ್ಕೊಂಡಿದ್ದೆ."

"ನಾವು ಬೇರೆ ಥರ ತಿಳ್ಕೊಂಡ್ವಿ. ಕಣ್ಣು ಸೊಟ್ಟಗಿದೆ ಅಂತ ಎದುರಿಗೆ ಹೇಳಿ ನಮಗೆ ನಾಚಿಕೆ ಮಾಡಬಾರದು ಅಂತ, ನೀವು ತಿದ್ದಿ ಚಿತ್ರದಲ್ಲಿ ಹೇಳಿ ಕಳ್ಸಿದ್ದೀರಿ ಅಂತ. ಎಂಥಾ ದೊಡ್ಡ ಮನುಷ್ಯರು ಅಂತ ನಾನೂ ಯಾಸುಜಿನೂ ಅವತ್ತು ಚಿತ್ರಕ್ಕೆ ಕೈಮುಗಿದ್ವಿ. ಅವತ್ತಿಂದ ಸಮ ಮಾಡಿದ್ವಿ."

"ಒಂದು ಮಾತು ಹೇಳಬಹುದಿತ್ತು" ಎಂದರು ಮೇಷ್ಟ್ರು.

"ಮೇಷ್ಟ್ರು ಬರೆದದ್ದು. ಅದು ಹಾಗಲ್ಲ ಅಂತ ನಾವು ಹೇಳೋದು ಹೇಗೆ?"

ನಮ್ಮಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು. ಪಕ್ಕದ ಮನೆಯವರಾದರೂ, ಎದುರಿನವರಾದರೂ, ನಾನಾದರೂ. ಗುರುವಿನ ಮೌನವನ್ನು ಮಾತಿಗಿಂತ ಹೆಚ್ಚು ಗಮನವಿಟ್ಟು ಕೇಳಬೇಕು ಎಂದು ಕಲಿತ ಜನ ನಾವು. ಅಲ್ಲಿ ಮೌನವೇ ಇರಲಿಲ್ಲ, ಬರೀ ಕೈತಪ್ಪು ಇತ್ತು. ಅದನ್ನು ಕೇಳಿಸಿಕೊಂಡು ಒಂದು ಮನೆಯ ಮುಖವನ್ನೇ ಬದಲಾಯಿಸಿಬಿಟ್ಟೆವು.

ತಪ್ಪು ಎಲ್ಲಿ ಎಂದು ಗೊತ್ತಾಯಿತಲ್ಲ, ಇನ್ನು ಸರಿಹೋಗುತ್ತದೆ ಎಂದು ನನಗೆ ಅನ್ನಿಸಿತು. ಎಡಗಣ್ಣನ್ನು ಒಂದು ಎಳ್ಳಿನಷ್ಟು ಇಳಿಸಿದರೆ ಆಯಿತು. ಮಾವ ಇಳಿಸಿದರು. ಆ ಬೊಂಬೆ ಯಾರನ್ನೋ ಅಣಕಿಸುತ್ತಿತ್ತು. ಇನ್ನೊಂದರಲ್ಲಿ ಕಡಿಮೆ ಇಳಿಸಿದರು. ಅದು ಕಾಯಿಲೆಯವರ ಹಾಗೆ ಕಂಡಿತು. ಹಿಂದೆ ಆ ಕಣ್ಣು ತಾನಾಗಿ ಇಳಿಯುತ್ತಿತ್ತು, ಮಾವನಿಗೆ ಗೊತ್ತಾಗದ ಹಾಗೆ. ಈಗ ಅವರಿಗೆ ಗೊತ್ತು. ಗೊತ್ತಿರುವ ಕೈ ಅದನ್ನು ಬರೆಯಲಾರದು. ಕುಂಚ ಕಣ್ಣಿನ ಜಾಗಕ್ಕೆ ಬಂದ ಕೂಡಲೇ ಒಂದು ಕ್ಷಣ ತಡೆಯುತ್ತಿತ್ತು. ಆ ತಡೆ ಮರದ ಮೇಲೆ ಹಾಗೇ ಬೀಳುತ್ತಿತ್ತು.

ಹಳೆಯ ಹಗ್ಗದ ತಿರುಗಣೆ ಹೊರಗೆ ತೆಗೆಯೋಣ ಎಂದವರು ಅತ್ತೆ. ಈಗಿನ ತಿರುಗಣೆಯನ್ನು ಮಾವ ಒಬ್ಬರೇ ಕಾಲಿನಿಂದ ತುಳಿದು ನಡೆಸುತ್ತಾರೆ. ಅದಕ್ಕೆ ಮುಂಚೆ ಇದ್ದದ್ದಕ್ಕೆ ಇಬ್ಬರು ಬೇಕು. ಒಬ್ಬರು ಎದುರು ಕೂತು ದಿಂಡಿಗೆ ಸುತ್ತಿದ ಹಗ್ಗವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಮದುವೆಯಾದಾಗಿನಿಂದ ಅತ್ತೆ ಅದನ್ನು ಎಳೆದವರು. ಯಾಸುಜಿ ಹುಟ್ಟುವ ದಿನವೂ ಎಳೆದಿದ್ದರಂತೆ. ಕೊಟ್ಟಿಗೆಯಿಂದ ಅದನ್ನು ನಾನೂ ಮೇಷ್ಟ್ರೂ ಎಳೆದು ತಂದೆವು. ಅತ್ತೆ ಉಡುಪಿನ ತೋಳನ್ನು ಮೇಲಕ್ಕೆ ಕಟ್ಟಿಕೊಂಡು ಕೂತರು.

"ನಿಮ್ಮ ಕೈ ಮರ್ತಿರಬಹುದು, ನನ್ನ ಸೊಂಟ ಮರ್ತಿಲ್ಲ" ಎಂದರು ಮಾವನಿಗೆ.

"ಬಾಯಿ ಎಳೆಯೋದು ಬಿಟ್ಟು ಹಗ್ಗ ಎಳಿ" ಎಂದರು ಮಾವ.

ಆ ಹಳೆಯ ಲಯ ಶುರುವಾದಾಗ ಮನೆಯೇ ಕಿವಿ ನಿಮಿರಿಸಿದ ಹಾಗಾಯಿತು. ಚಿಕ್ಕಂದಿನಲ್ಲಿ ನಾನು ಅಜ್ಜಿಯ ತೊಡೆಯ ಮೇಲೆ ಮಲಗಿ, ದೇವಾಲಯದಲ್ಲಿ ಹೆಂಗಸರು ಗಂಟೆ ಬಡಿಯುತ್ತ ಹೇಳುವ ಪದಗಳನ್ನು ಕೇಳಿ ಬೆಳೆದವಳು. ಅರ್ಥ ತಿಳಿಯುವ ಮುಂಚೆ ಅದರ ಏರಿಳಿತ ಮೈಗೆ ಹತ್ತಿತ್ತು. ಹಗ್ಗದ ಸದ್ದು ಹಾಗೆಯೇ ಇತ್ತು. ಮಾವನ ಭುಜ ಸಡಿಲಾಯಿತು. ಮೈ ಚೆನ್ನಾಗಿ ಬಂತು, ತಲೆ ಹಳೆಯ ತಲೆಯ ಹಾಗೇ ಕೊಂಚ ಚಪ್ಪಟೆಯಾಗಿ ಬಂತು. ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಮಾವ ಅದೇ ಬಿಸಿಯಲ್ಲಿ ಕುಂಚ ಎತ್ತಿದರು.

ಕಣ್ಣುಗಳು ಸಮವಾಗಿ ಬಂದವು.

ಹಗ್ಗ ಎಳೆದು ಅತ್ತೆಯ ಅಂಗೈ ಸುಲಿದಿತ್ತು. ಅವರು ಅದನ್ನು ಯಾರಿಗೂ ಕಾಣದ ಹಾಗೆ ಉಡುಪಿನ ತೋಳಿನೊಳಗೆ ಎಳೆದುಕೊಂಡು ಅಡುಗೆಮನೆಗೆ ಹೋದರು. ಆ ದಿನದಿಂದ ಅವರು ಮಾವನನ್ನು ತಿವಿಯುವುದನ್ನು ಬಿಟ್ಟುಬಿಟ್ಟರು. ನನಗೆ ಅದೇ ಹೆಚ್ಚು ಭಯವಾಯಿತು.

ಹಳೆಯ ಮುಖದ ಇನ್ನೊಂದು ಬೊಂಬೆ ಇತ್ತು. ಮೂವರಿಗೂ ಅದು ಗೊತ್ತಿತ್ತು, ಮಾವನಿಗೆ, ಅತ್ತೆಗೆ, ನನಗೆ. ಯಾರೂ ಬಾಯಿಬಿಟ್ಟಿರಲಿಲ್ಲ. ಮಿತ್ಸು ಹುಟ್ಟಿದಾಗ ಮಾವ ಅವಳಿಗೆಂದು ಮಾಡಿದ್ದು, ಆ ಚಿತ್ರ ಬರುವುದಕ್ಕೆ ಮುಂಚೆ. ಮಿತ್ಸು ನಡೆಯಲು ಕಲಿತ ಮೇಲೆ ಬಂದ ಚಳಿಗಾಲದಲ್ಲಿ ದಡಾರದಿಂದ ಹೋದಳು. ನಮ್ಮ ಪದ್ಧತಿಯಂತೆ ಬೊಂಬೆಯನ್ನು ಹೊಳೆಯಂಚಿನ ಜಿಝೊ ದೇವರ ಗುಡಿಯಲ್ಲಿ ಇಟ್ಟು ಬಂದೆವು. ಸತ್ತ ಮಕ್ಕಳನ್ನು ಕಾಯುವ ದೇವರು ಅವನು. ಸಾವಿನ ಹೊಳೆಯ ಆಚೆಯ ದಂಡೆಯಲ್ಲಿ ಮಗುವಿಗೆ ಆಟವಾಡಲು ಏನಾದರೂ ಇರಲಿ ಎಂದು ಇಡುವುದು. ಒಮ್ಮೆ ಇಟ್ಟದ್ದನ್ನು ಮತ್ತೆ ಮುಟ್ಟಬಾರದು, ತಿರುಗಿಸಿ ನೋಡಲೂಬಾರದು. ಅದು ಮಗುವಿನ ಕೈಯಿಂದ ಕಿತ್ತುಕೊಂಡ ಹಾಗೆ. ಗುಡಿಯ ಮುಂದೆ ಹಾದುಹೋಗುವಾಗಲೆಲ್ಲ ನಾನು ಕೈಮುಗಿಯುತ್ತಿದ್ದೆ, ತಲೆ ಎತ್ತುತ್ತಿರಲಿಲ್ಲ.

ಮಾವ ನನ್ನನ್ನು ಕೇಳಲಿಲ್ಲ. ಕೇಳುವುದೂ ಇಲ್ಲ ಎಂದು ನನಗೆ ಗೊತ್ತಿತ್ತು. ಅವರು ಬರೀ ಹಗ್ಗದ ತಿರುಗಣೆಯಲ್ಲಿ ಅವತ್ತೇ ಕಡೆದಿಟ್ಟಿದ್ದ ಇನ್ನೊಂದು ಖಾಲಿ ಮುಖದ ಬೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದರು. ಮೇಷ್ಟ್ರು ಮೇಲಿನಿಂದ ಇಳಿಯುವುದನ್ನೇ ಬಿಟ್ಟಿದ್ದರು. ಊಟದ ತಟ್ಟೆ ಒಯ್ದರೆ ಗೋಡೆಯ ಕಡೆ ತಿರುಗಿ ಕೂತು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಏನು ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನೂ ಹಾಗೆ ಕೂತವಳೇ. ಆಚೆಯ ದಂಡೆಯಲ್ಲಿ ಇಬ್ಬರು ಮಕ್ಕಳು ಒಂದು ಬೊಂಬೆಯನ್ನು ಹಂಚಿಕೊಂಡರೆ ದೇವರು ಬೈಯಲಾರ ಎಂದುಕೊಂಡೆ.

"ಮಾವ, ಮಿತ್ಸುದು ಇದೆಯಲ್ಲ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ನೀನು ಹಾಗಂದ್ರೆ" ಎಂದರು.

ಬೆಳಗಿನ ಬಿಸಿಲಿನಲ್ಲಿ ನಾವು ನಾಲ್ವರೂ ಹೊರಟೆವು. ಮಾವ ಮುಂದೆ ಹಿಮ ತುಳಿದು ದಾರಿ ಮಾಡುತ್ತ ಹೋದರು. ಹೊಳೆಯಂಚಿನಲ್ಲಿ ಬಿಸಿನೀರಿನ ಬುಗ್ಗೆಗಳಿಂದ ಗಂಧಕದ ಹಬೆ ಏಳುತ್ತಿತ್ತು. ಅದರೊಳಗೆ ಗುಡಿ ಕಂಡು ಮರೆಯಾಗುತ್ತಿತ್ತು. ಅತ್ತೆ ಧೂಪ ಹಚ್ಚಿದರು. ನಾನು ಮೊಣಕಾಲೂರಿ ಮಗುವಿನ ಹೆಸರು ಹೇಳಿ ಕ್ಷಮೆ ಕೇಳಿದೆ. ಒಳಗೆ ಕೈಚಾಚಿ, ಗೋಡೆಗೆ ಮುಖ ಮಾಡಿ ನಿಂತಿದ್ದ ಬೊಂಬೆಗಳ ಸಾಲಿನಲ್ಲಿ ನಮ್ಮದನ್ನು ಅದರ ಬೆನ್ನಿನ ಹೂವಿನಿಂದ ಗುರುತಿಸಿ ಎತ್ತಿಕೊಂಡೆ. ಎಷ್ಟು ಹಗುರವಾಗಿತ್ತು.

ಬೆಳಕಿಗೆ ತಂದು ತಿರುಗಿಸಿದೆ.

ಮುಖ ಇರಲಿಲ್ಲ. ಎಷ್ಟೋ ಚಳಿಗಾಲಗಳ ಗಂಧಕದ ಹಬೆ ಗೋಡೆಯ ಸಂದಿಯಿಂದ ಬಂದು ಅದನ್ನು ತಿಂದುಬಿಟ್ಟಿತ್ತು. ಬೂದು ಬಣ್ಣದ ಮರ, ಅದರ ಮೇಲೆ ಒಂದು ಬಿರುಕು. ಹುಬ್ಬಿದ್ದ ಕಡೆ ಏನೋ ಇದ್ದ ಹಾಗೆ ಒಂದು ನೆರಳು. ಕಣ್ಣಿದ್ದ ಕಡೆ ಅದೂ ಇಲ್ಲ. ಮಾವ ಅದನ್ನು ತೆಗೆದುಕೊಂಡು ಬಿಸಿಲಿಗೆ ಓರೆಯಾಗಿ ಹಿಡಿದರು. ಕುಂಚದ ಒತ್ತು ಮರದಲ್ಲಿ ಉಳಿದಿರಬಹುದೇ ಎಂದು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಕೊನೆಗೆ ಮೇಷ್ಟ್ರೇ ಅವರ ಕೈ ಹಿಡಿದು ನಿಲ್ಲಿಸಿದರು.

"ಸಾಕು. ಮಗುವಿಗೆ ಕೊಟ್ಟುಬಿಡಿ" ಎಂದರು.

ನಾನು ಅದನ್ನು ಮೊದಲಿದ್ದ ಹಾಗೆ ಗೋಡೆಗೆ ಮುಖ ಮಾಡಿ ಇಟ್ಟೆ. ಅದಕ್ಕೆ ಮುಖವಿಲ್ಲದ್ದರಿಂದ ಯಾವ ಕಡೆ ತಿರುಗಿಸಿದರೂ ಒಂದೇ ಎಂದು ಇಟ್ಟ ಮೇಲೆ ಹೊಳೆಯಿತು.

ಮೇಷ್ಟ್ರು ಹೊರಡುವ ದಿನ ಮಾವ ಅವರನ್ನು ತಡೆದು ಕೂರಿಸಿದರು. ಹಗ್ಗದ ತಿರುಗಣೆಯಲ್ಲಿ ಕಡೆದ ಆ ಖಾಲಿ ಮುಖದ ಬೊಂಬೆಯನ್ನೂ, ಮಸಿಯನ್ನೂ, ತಮ್ಮ ಕುಂಚವನ್ನೂ ಅವರ ಮುಂದಿಟ್ಟರು. ಆ ಕುಂಚವನ್ನು ಮನೆಯವರಲ್ಲದವರು ಮುಟ್ಟಿದ್ದನ್ನು ನಾನು ಕಂಡಿಲ್ಲ.

"ನೀವೇ ಬರೀರಿ ಮೇಷ್ಟ್ರೇ. ಓಡಾಜಿಮಾ ಮುಖ ಅಂತ ಅಲ್ಲ. ನಿಮ್ಮ ಹುಡುಗಿ ಅಂತ ಬರೀರಿ."

ಮೇಷ್ಟ್ರು ಬೊಂಬೆಯನ್ನು ಎಡಗೈಯಲ್ಲಿ ಹಿಡಿದು ಕುಂಚವನ್ನು ಮಸಿಯಲ್ಲಿ ಅದ್ದಿದರು. ಅಂಥ ಕೈ ಅದು; ನೂರು ಊರಿನ ಆಟಿಕೆಗಳನ್ನು ಕಾಗದದ ಮೇಲೆ ಬದುಕಿಸಿದ ಕೈ. ಕುಂಚ ಮರದ ಹತ್ತಿರ ಬಂತು, ಅಲ್ಲೇ ನಿಂತಿತು. ಮಸಿ ತುದಿಯಲ್ಲೇ ಒಣಗಿತು. ಅವರು ಮತ್ತೆ ಅದ್ದಿದರು, ಮತ್ತೆ ಒಣಗಿತು. ಆಮೇಲೆ ಕುಂಚವನ್ನು ನೀರಿನಲ್ಲಿ ತೊಳೆದು, ತುದಿಯನ್ನು ಬೆರಳಿನಿಂದ ನೇರ ಮಾಡಿ, ಮಾವನ ಮುಂದಿಟ್ಟು ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿದರು. ಮಾವನೂ ಬಾಗಿದರು. ಇಬ್ಬರೂ ಯಾರು ಮೊದಲು ತಲೆ ಎತ್ತಬೇಕೆಂದು ತಿಳಿಯದೆ ಹಾಗೇ ಇದ್ದರು.

ಅವರು ಒಂದು ಬೊಂಬೆಯನ್ನೂ ತೆಗೆದುಕೊಂಡು ಹೋಗಲಿಲ್ಲ. ಆಮೇಲೆ ಅವರ ಸುದ್ದಿ ಬರಲಿಲ್ಲ. ಕರಾವಳಿಯ ಕಡೆ ಯಾವುದೋ ಊರಿನಲ್ಲಿ ಅವರನ್ನು ಕಂಡೆ, ಗಂಟು ಇರಲಿಲ್ಲ, ಬಣ್ಣದ ಪೆಟ್ಟಿಗೆಯೂ ಇರಲಿಲ್ಲ ಎಂದು ಔಷಧಿ ಮಾರುವವನೊಬ್ಬ ಹೇಳಿದ. ಅದು ಅವರೇ ಹೌದೋ ಅಲ್ಲವೋ ನಮಗೆ ಗೊತ್ತಿಲ್ಲ.

ಹಿಮ ಕರಗಿದ ಮೇಲೆ ಪಟ್ಟಣದ ಜನ ಮತ್ತೆ ಬಂದರು, ಆ ಚಿತ್ರ ಹಿಡಿದು. ಹೀಗೇ ಇರಬೇಕು ಎಂದರು. ಮಾವ ತಲೆ ಬಗ್ಗಿಸಿ ಒಪ್ಪಿಕೊಂಡರು. ಸಮವಾದ ಕಣ್ಣುಗಳನ್ನು ಈಗ ಅವರು ಉಸಿರು ಹಿಡಿಯದೆಯೇ ಬರೆಯುತ್ತಾರೆ. ಕೊಂಡವರು ಅವನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ, ಯಾವ ಮಗುವೂ ಚೀಪುವುದಿಲ್ಲವಂತೆ. ಮೇಣ ಸವರಿ ಹೊಳಪು ಕೊಡುವ ಕೆಲಸ ನನ್ನದು. ದಿನವಿಡೀ ಒಂದೊಂದನ್ನೇ ಮಡಿಲಲ್ಲಿಟ್ಟು ಉಜ್ಜುತ್ತೇನೆ.

ಸಂಜೆ ದೇವಾಲಯದಲ್ಲಿ ಹೆಂಗಸರ ಜೊತೆ ಕೂತು ಸತ್ತ ಮಕ್ಕಳಿಗಾಗಿ ಪದ ಹೇಳುವಾಗ ಮಿತ್ಸುವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮೊದಲೆಲ್ಲ ಬರುತ್ತಿದ್ದಳು. ಈಗ ನಾನು ಕಣ್ಣು ಮುಚ್ಚಿದ ಕೂಡಲೇ ಎರಡೂ ಕಣ್ಣು ಸಮವಾಗಿರುವ ಒಂದು ಮುಖ ಬಂದು ನಿಲ್ಲುತ್ತದೆ. ಹೋಗು ಎಂದರೂ ಹೋಗುವುದಿಲ್ಲ. ನಾನು ಪದ ನಿಲ್ಲಿಸುವುದಿಲ್ಲ. ಯಾವ ಮಗುವಿಗೆ ಹೇಳುತ್ತಿದ್ದೇನೋ, ಗೊತ್ತಿಲ್ಲ.